ಪಕ್ಕೆಲುಬಿನ ಎರಡು ಚುಕ್ಕೆ

ಕೋಸಗಿ
ಗುರುವಾರ, 20-11-2025

ಚಿ. ಸೌ. ಚೇತನಾಗೆ ಅವ್ವನ ಆಶೀರ್ವಾದ.

'ಸೌ' ಎಂಬ ಅಕ್ಷರವನ್ನು ನಿನ್ನ ಹೆಸರಿನ ಹಿಂದೆ ಇದೇ ಮೊದಲು ಬರೆಯುತ್ತಿದ್ದೇನೆ. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಆದೋನಿಯ ನಮ್ಮ ಮನೆಯಿಂದ ಯಾರು ಫೋನ್ ಮಾಡಿದರೂ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ. ಎತ್ತಿದ್ದರೂ ಇದನ್ನೆಲ್ಲ ಬಾಯಿಂದ ಹೇಳಲು ನನಗೆ ಆಗುತ್ತಿರಲಿಲ್ಲ. ಶಾಲೆಯಲ್ಲಿ ನೀನು ತೆಲುಗು ಓದಿದವಳು, ಕನ್ನಡ ಅಕ್ಷರ ಕಲಿತದ್ದು ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು. ನಿಧಾನಕ್ಕೆ ಓದು. ಬಸುರಿ, ನಿಂತುಕೊಂಡು ಓದಬೇಡ.

ಮೊದಲು ನಿನ್ನ ಸಿಟ್ಟಿನ ಮಾತು. ನನಗೆ ಹುಷಾರಿಲ್ಲವೆಂದು ತಿಳಿದು, ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದು ಪಕೀರಮ್ಮನ ಹತ್ತಿರ ಹೇಳಿ ಕಳಿಸಿದ್ದೆಯಲ್ಲ, ನಾನು ಬೇಡ ಎಂದೆ. ಅದಕ್ಕೆ ನೀನು, "ಮಗನ ಮುಂದ ನನ್ನ ಮುಖ ನೋಡಾಕ ಆಕಿಗೆ ಧೈರ್ಯ ಇಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ" ಅಂದೆಯಂತೆ. ಪಕೀರಮ್ಮ ಮುಸುರೆ ತಿಕ್ಕುತ್ತಾ ಇದನ್ನು ಹೇಳಿದಳು, ಹೇಳಿ ತಲೆ ಎತ್ತಲಿಲ್ಲ. ಅವಳಿಗೆ ಎಲ್ಲ ಗೊತ್ತು. ನಿನಗೆ ಗೊತ್ತಿಲ್ಲ. ಇವತ್ತು ಬರೆಯುತ್ತೇನೆ.

ನನ್ನ ಎಡ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಪಕ್ಕೆ ನೋಯುತ್ತದೆಂದು ಪಕೀರಮ್ಮ ಎಣ್ಣೆ ಹಚ್ಚುವಾಗ ಅವಳ ಕೈಗೇ ಸಿಕ್ಕಿದ್ದು. ಸೂಜಿ ಹಾಕಿ ಪರೀಕ್ಷೆ ಮಾಡಿದರು, ಕ್ಯಾನ್ಸರ್ ಎಂದೇ ಬಂತು. ಹೆದರಬೇಡ, ಪೂರ್ತಿ ಓದು. ಗಂಟು ಸಣ್ಣದಿದೆ, ಬೇಗ ಬಂದಿದ್ದೀರಿ, ಆಪರೇಷನ್ ಮಾಡಿ ತೆಗೆದರೆ ವಾಸಿಯಾಗುವ ಹಂತ ಎಂದು ಕರ್ನೂಲಿನ ಸರ್ಜನ್ ಹೇಳಿದರು. ಸೋಮವಾರಕ್ಕೆ ಗೊತ್ತು ಮಾಡಿದರು. ಹೊರಡುವಾಗ, ಬೇರೆಲ್ಲಾದರೂ ನೋವಿದೆಯೇ ಎಂದು ಕೇಳಿದರು. ನಾನು ಯೋಚಿಸದೆ ಬೆನ್ನ ಹತ್ತಿರದ ಎಡ ಪಕ್ಕೆ ತೋರಿಸಿದೆ. ಮಗ್ಗುಲು ಬದಲಿಸಿದರೆ ಹಿಡಿಯುತ್ತದೆ, ಬಹಳ ತಿಂಗಳಾಯಿತು ಎಂದೆ. ಅವರ ಮುಖ ಬದಲಾಯಿತು. ಈ ರೋಗ ಎಲುಬಿಗೆ ಹತ್ತುವುದುಂಟು, ಮೊದಲು ಎಲುಬಿನ ಸ್ಕ್ಯಾನ್ ಆಗಲಿ, ಆಮೇಲೆ ಕತ್ತರಿ ಹಿಡಿಯುತ್ತೇನೆ ಎಂದರು. ಆ ನೋವು ಎಂದಿನಿಂದ, ಹೇಗೆ ಬಂತು ಎಂದು ನನಗೆ ಗೊತ್ತಿತ್ತು. ನಿಮ್ಮಣ್ಣ ಸಿದ್ದು ಪಕ್ಕದಲ್ಲಿದ್ದ. ಹೇಳಲಿಲ್ಲ.

ಸ್ಕ್ಯಾನಿಗೆ ಮೈಗೆ ಅಣುಶಕ್ತಿಯ ಔಷಧ ಕೊಡುತ್ತಾರೆ, ಆ ದಿನ ಬಸುರಿಯರು ಎಳೆಗೂಸುಗಳು ನಿಮ್ಮ ಹತ್ತಿರ ಬರುವುದು ಬೇಡ ಎಂದು ಆ ಸರ್ಜನ್ನೇ ಹೇಳಿದ್ದರು. ನಿನ್ನನ್ನು ಬೇಡ ಎಂದದ್ದು ಅದಕ್ಕೆ. ಕಾರಣ ಹೇಳಿ ಕಳಿಸಬಹುದಿತ್ತು. ಆದರೆ ಒಂದು ಕಾರಣ ಹೇಳಲು ಹೋದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

ಮಂಗಳವಾರ ಸಿದ್ದೂನೇ ಕಾರಿನಲ್ಲಿ ಕರೆದುಕೊಂಡು ಹೋದ. ಹತ್ತಿಯ ಸುಗ್ಗಿ, ಮಾರ್ಕೆಟ್ ಯಾರ್ಡಿನ ತುಂಬ ಗಾಡಿಗಳು, ಅಂಗಡಿ ಬಿಟ್ಟು ಒಂದು ತಾಸು ಆಚೆ ಹೋಗದವನು. ನನ್ನ ಗಂಟಿನ ಸುದ್ದಿ ತಿಳಿದಂದಿನಿಂದ ಅಂಗಡಿಯನ್ನು ಗುಮಾಸ್ತರ ಮೇಲೆ ಬಿಟ್ಟು ನನ್ನ ಹಿಂದೆಯೇ ಇದ್ದ. ಬೆಳಿಗ್ಗೆ ತಾನೇ ಗಂಜಿ ಕಾಯಿಸಿ ತಂದುಕೊಡುತ್ತಿದ್ದ. ಇದನ್ನೂ ನಿನಗೆ ಹೇಳಬೇಕು, ಹೇಳದಿದ್ದರೆ ಅರ್ಧ ಹೇಳಿದಂತೆ.

ಆ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಬಾಗಿಲ ಮೇಲೆ ಹಳದಿ ಹಲಗೆ, ಅದರಲ್ಲಿ ಫ್ಯಾನಿನ ರೆಕ್ಕೆಯಂಥ ಕರಿ ಗುರುತು. ಶ್ರಾವಣಿ ಎಂಬ ಹುಡುಗಿ ಸೀಸದ ಡಬ್ಬಿ ತೆರೆದು ಸಿರಿಂಜು ತೆಗೆದಳು, ಆ ಸಿರಿಂಜಿಗೂ ಸೀಸದ ಕವಚ. ಔಷಧ ರಕ್ತದಲ್ಲಿ ಹೋಗಿ ಎಲುಬಿನಲ್ಲಿ ಕೂರುತ್ತದೆ, ಅಲ್ಲಿಂದ ಕಣ್ಣಿಗೆ ಕಾಣದ ಕಿರಣ ಹೊರಡುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ, ನಾಳೆಯಷ್ಟರಲ್ಲಿ ಬಹುಮಟ್ಟಿಗೆ ಆರಿಹೋಗುತ್ತದೆ ಎಂದು ತೆಲುಗಿನಲ್ಲಿ ಸಮಾಧಾನವಾಗಿ ಹೇಳಿದಳು. ಆಮೇಲೆ, ನಿಮ್ಮ ಮನೆಯಲ್ಲಿ ಬಸುರಿಯರು ಇದ್ದಾರಾ ಎಂದು ಕೇಳಿದಳು.

"ಮಗಳು ಬಸಿರಿ ಅದಾಳ" ಅಂದುಬಿಟ್ಟೆ.

ಸಿದ್ದು ನನ್ನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾಘದಲ್ಲಿ ನಿನ್ನ ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ 'ಮಗಳು' ಎಂಬ ಶಬ್ದವೇ ಇರಲಿಲ್ಲ. ನೀನು ಬಸುರಿ ಎನ್ನುವುದೂ ಅವನಿಗೆ ಗೊತ್ತಿರಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, "ಆಕಿ ನಮ್ಮ ಜೊತಿ ಇಲ್ಲ" ಎಂದು ಶ್ರಾವಣಿಗೆ ಹೇಳಿದ. ನೀರು ಕುಡಿಯುತ್ತಿರಿ ಎಂದಿದ್ದರು, ಹೊರಗೆ ಹೋಗಿ ದೊಡ್ಡ ಬಾಟಲಿ ತಂದು ಮುಚ್ಚಳ ತೆಗೆದು ಕೊಟ್ಟ.

ಮಧ್ಯಾಹ್ನ ಮಲಗಿಸಿದರು. ಅಗಲವಾದ ಎರಡು ಹಲಗೆಗಳು, ಒಂದು ಮೇಲೆ ಒಂದು ಕೆಳಗೆ, ತಲೆಯಿಂದ ಪಾದದವರೆಗೆ ನಿಧಾನಕ್ಕೆ ಸರಿಯುತ್ತವೆ. ನೋವಿಲ್ಲ, ಸದ್ದಿಲ್ಲ. ಅಲುಗಾಡಬೇಡಿ ಎನ್ನುವುದಷ್ಟೇ. ಕತ್ತು ತಿರುಗಿಸದೆ ಓರೆಗಣ್ಣಿನಲ್ಲಿ ಪರದೆ ನೋಡಿದೆ. ನನ್ನ ಅಸ್ಥಿಪಂಜರ ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು. ಎಡ ಪಕ್ಕೆಯಲ್ಲಿ, ಬೆನ್ನ ಕಡೆ, ಎರಡು ಚುಕ್ಕೆ ಉಳಿದ ಮೈಗಿಂತ ಬೇರೆಯಾಗಿ ಉರಿಯುತ್ತಿದ್ದವು. ಹತ್ತಿಯ ರಾಶಿಯಲ್ಲಿ ಕಿಡಿ ಕಂಡರೆ ನಿಮ್ಮಪ್ಪ ಹೇಗೆ ಎದ್ದು ಓಡುತ್ತಿದ್ದರು, ನೆನಪಿದೆಯಲ್ಲ. ನನಗೆ ಓಡಲು ಆಗಲಿಲ್ಲ. ಅಲುಗಾಡಬಾರದಿತ್ತು.

ಅದೇ ಜಾಗವನ್ನು ಇನ್ನೊಂದು ಯಂತ್ರದಲ್ಲಿ ತೆಗೆದು, ಆಮೇಲೆ ಆ ವಿಭಾಗದ ಡಾಕ್ಟರ್ ಸುಷ್ಮಾ ನಮ್ಮಿಬ್ಬರನ್ನೂ ಒಳಗೆ ಕರೆದರು. ನಿನ್ನ ವಯಸ್ಸಿಗಿಂತ ಸ್ವಲ್ಪ ಹೆಚ್ಚಿರಬೇಕು, ಮಾತು ಮೆತ್ತಗೆ. ಚುಕ್ಕೆ ಕಂಡ ಎರಡೂ ಪಕ್ಕೆಲುಬಿನಲ್ಲಿ ಬಿರುಕಿದೆ ಎಂದರು. "ಎಪ್ಪುಡೈನಾ ಪಡ್ಡಾರಾ ಅಮ್ಮಾ?" ಎಂದು ಕೇಳಿದರು. ಯಾವಾಗಲಾದರೂ ಬಿದ್ದಿದ್ದೀರಾ ಎಂದು.

ನಾನು ಬಚ್ಚಲಲ್ಲಿ ಜಾರಿದ್ದೆ ಎಂದೆ. ಆ ಸುಳ್ಳು ನಾಲಿಗೆಯ ತುದಿಯಲ್ಲಿ ಯಾವಾಗಲೂ ಸಿದ್ಧವಿತ್ತು, ಊರಿಗೆಲ್ಲ ಅದನ್ನೇ ಹೇಳಿದ್ದೆ. ಹೇಗೆ ಬಿದ್ದಿರಿ ಎಂದರು. ದೊಡ್ಡದು ಮಾಡುವುದು ಬೇಡವೆಂದು, "ಕುಂತಂಗ ಬಿದ್ದೆನಮ್ಮ, ಅಷ್ಟ" ಎಂದೆ. ಜೋರಾಗಿ ಯಾವುದಕ್ಕೂ ಬಡಿಯಲಿಲ್ಲವೇ ಎಂದರು. ಇಲ್ಲ ಎಂದೆ.

ಆಕೆ ಪೆನ್ನು ಕೆಳಗಿಟ್ಟರು. ಈ ಔಷಧಕ್ಕೆ ಜಾಗ ತೋರಿಸುವುದಷ್ಟೇ ಗೊತ್ತು, ಕಾರಣ ಗೊತ್ತಿಲ್ಲ ಎಂದರು. ಮುರಿದ ಎಲುಬು ಕೂಡಿಕೊಳ್ಳುವಾಗಲೂ ಹೀಗೇ ಹೊಳೆಯುತ್ತದೆ, ರೋಗ ಎಲುಬನ್ನು ತಿನ್ನುವಾಗಲೂ ಹೀಗೇ ಹೊಳೆಯುತ್ತದೆ. ಬಲವಾದ ಏಟು ಬಿದ್ದಿದ್ದರೆ ಇದು ಮುರಿತ ಎಂದು ಬರೆಯಬಹುದು. ನೀವು ಹೇಳುವ ಹಾಗೆ ಸುಮ್ಮನೆ ಕೂತಂತೆ ಬಿದ್ದದ್ದಕ್ಕೆ ಬೆನ್ನ ಕಡೆಯ ಎರಡು ಎಲುಬು ಬಿರಿಯುವುದಿಲ್ಲ. ಬಿರಿದಿವೆ ಎಂದರೆ ಒಳಗೆ ಮೊದಲೇ ಸವೆದಿದ್ದವು ಎಂದು ನಾನು ಅನುಮಾನಿಸಬೇಕಾಗುತ್ತದೆ.

ಹಾಗಾದರೆ ಸೋಮವಾರದ ಆಪರೇಷನ್ನು ಏನಾಗುತ್ತದೆ ಎಂದು ನಾನೇ ಕೇಳಿದೆ. ನಿಲ್ಲುತ್ತದೆ ಎಂದರು. ಪಕ್ಕೆಲುಬಿಗೆ ಸೂಜಿ ಹಾಕಿ ತುಣುಕು ತೆಗೆದು ನೋಡಬೇಕು. ಹರಡಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ರೋಗವನ್ನು ತಡೆದು ಹಿಡಿಯುವುದು, ವಾಸಿ ಎನ್ನುವ ಮಾತು ಕಷ್ಟ. ಇಷ್ಟು ಹೇಳಿ, "ಸರಿಯಾಗಿ ನೆನಪು ಮಾಡಿಕೊಳ್ಳಿ, ನಿಮ್ಮ ಜೀವದ ಪ್ರಶ್ನೆ" ಎಂದರು. ನನ್ನನ್ನು ನೋಡಿ ಹೇಳಿದ್ದು ಮೊದಲು. ಆಮೇಲೆ ಸಿದ್ದೂನ ಕಡೆ ತಿರುಗಿ, ನಿಮಗೇನಾದರೂ ನೆನಪಿದೆಯಾ ಎಂದು ಕೇಳಿದರು.

ಚೇತನಾ, ನಾನು ಅವನ ಬಾಯಿಯನ್ನೇ ನೋಡಿದೆ. ಹೇಳಲಿ, ಈಗ ಹೇಳುತ್ತಾನೆ, ಅವ್ವನ ಜೀವ ಅಂದರಲ್ಲ ಎಂದು ಕಾದೆ. ಅವನು ನನ್ನ ನೀರಿನ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನಾ ಅಂಗಡ್ಯಾಗ ಇರ್ತೀನ್ರಿ, ನನಗ ಗೊತ್ತಿಲ್ಲ" ಎಂದ.

ಹೊರಗೆ ಬಂದು ಕಾರು ಹತ್ತಿದೆವು. ಕೋಡುಮೂರಿನಲ್ಲಿ ಗಾಡಿ ನಿಲ್ಲಿಸಿ ಚಹಾ ತರಲೇ ಎಂದು ಕೇಳಿದ. ಬೇಡ ಎಂದೆ. ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ, "ಅವ್ವ, ಸೂಜಿ ಹಾಕಿ ನೋಡ್ಲಿ. ಅದರಾಗ ತಾನಾ ಗೊತ್ತಾಗ್ತೈತಿ" ಎಂದ.

ಆಗ ನನಗೆ ತಿಳಿಯಿತು. ನನ್ನ ಪಕ್ಕೆಗೆ ಸೂಜಿ ಚುಚ್ಚಿಸಿಯಾದರೂ ತನ್ನ ಬಾಯಿ ಮುಚ್ಚಿಟ್ಟುಕೊಳ್ಳುತ್ತಾನೆ. ಆಪರೇಷನ್ನು ತಡವಾದರೆ ಆಗಲಿ, ಸೂಜಿಗೂ ಸರಿಯಾಗಿ ತಿಳಿಯದೆ ಇಲ್ಲದ ರೋಗಕ್ಕೆ ಔಷಧ ಕೊಟ್ಟರೆ ಕೊಡಲಿ. ಕ್ಯಾನ್ಸರ್ ಎಂದಾಗ ಬರದಿದ್ದ ಹೆದರಿಕೆ ಆ ಕಾರಿನಲ್ಲಿ ಬಂತು.

"ಗಾಡಿ ತಿರುಗಿಸು" ಎಂದೆ. ಯಾಕೆ ಎಂದ. "ಡಾಕ್ಟರಮ್ಮಗ ಹೇಳಿ ಬರ್ತೀನಿ" ಎಂದೆ. ಅವನು ತಿರುಗಿಸಲಿಲ್ಲ. ನಾನು ಬಾಗಿಲು ತೆಗೆದು ಇಳಿದು ರಸ್ತೆ ದಾಟಿ ಕರ್ನೂಲು ಬಸ್ಸಿಗೆ ನಿಂತೆ. ಓಡಿ ಬಂದ.

"ಅವ್ವ, ಗಾಡಿ ಹತ್ತು. ಮಂದಿ ನೋಡಾಕತ್ಯಾರ."

"ನೋಡ್ಲಿ ಬಿಡು."

"ಹೇಳಿದ್ರ ಏನಾಗ್ತೈತಿ ಗೊತ್ತೈತೇನು? ಪೊಲೀಸರ ತನಕ ಹೋಗ್ತೈತಿ."

"ಹೇಳದಿದ್ರ ಏನಾಗ್ತೈತಿ ಅಂತ ನಿನಗ ಗೊತ್ತೈತೇನಪ್ಪ?"

ನನ್ನ ಮಣಿಕಟ್ಟು ಹಿಡಿದ. ಗಟ್ಟಿಯಾಗಿಯೇ ಹಿಡಿದ. ನಾನು ಎಳೆದುಕೊಳ್ಳಲಿಲ್ಲ, ಕೂಗಲಿಲ್ಲ, ಅವನ ಕೈಯನ್ನು ನೋಡುತ್ತಾ ನಿಂತೆ. ಪಕ್ಕದಲ್ಲಿ ನಿಂತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಅವನೂ ತನ್ನ ಕೈಯನ್ನು ನೋಡಿಕೊಂಡ. ಬಿಟ್ಟ. ಅಷ್ಟರಲ್ಲಿ ಬಸ್ಸು ಬಂತು.

ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಒಬ್ಬ ಹುಡುಗಿ ಕೂಸು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ಕೂಸು ನನ್ನ ಸೆರಗಿಗೆ ಕೈ ಹಾಕಿತು. ಎದ್ದುಬಿಟ್ಟೆ. ಆಕೆಗೆ ಬೇಜಾರಾಯಿತೋ ಏನೋ, ಜಾತಿ ನೋಡಿದೆ ಅಂದುಕೊಂಡಳೋ ಏನೋ. ಕರ್ನೂಲಿನವರೆಗೂ ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಹೋದೆ. ಕೋಡುಮೂರಿನಿಂದ ನಿನ್ನ ದೇವನಕೊಂಡ ದೂರವಲ್ಲ. ಮನಸ್ಸು ಅಲ್ಲಿಗೇ ಎಳೆಯಿತು. ಮೈಯೊಳಗೆ ಔಷಧ ಇಟ್ಟುಕೊಂಡು ನಿನ್ನ ಹೊಸ್ತಿಲು ತುಳಿಯುವ ಹಾಗಿರಲಿಲ್ಲ.

ಡಾಕ್ಟರ್ ಸುಷ್ಮಾ ಮನೆಗೆ ಹೊರಟು ನಿಂತಿದ್ದರು. ನನ್ನನ್ನು ನೋಡಿ ಮತ್ತೆ ಕೂತರು. ಬಾಗಿಲು ಮುಚ್ಚುವ ಮೊದಲೇ ಸಿದ್ದೂನೂ ಬಂದು ನಿಂತ. ಬಸ್ಸಿನ ಹಿಂದೆಯೇ ಕಾರು ತಂದಿದ್ದ. ಕನ್ನಡದಲ್ಲಿ ನನ್ನ ಬಾಯಿಗೆ ಬರಲೇ ಇಲ್ಲ. "ಜಾರಲೇದಮ್ಮಾ. ನಾ ಕೊಡುಕು ತೋಸಿನಾಡು" ಎಂದೆ. ಜಾರಲಿಲ್ಲ, ಮಗ ನೂಕಿದ ಎಂದು ತೆಲುಗಿನಲ್ಲಿ ಹೇಳುವುದು ಸ್ವಲ್ಪ ಸುಲಭವಾಯಿತು.

ಆಕೆ ಸಿದ್ದೂಗೆ ಹೊರಗೆ ಇರಿ ಎಂದರು. ಹೋದ. ಆಮೇಲೆ ಎಲ್ಲ ಹೇಳಿದೆ. ಆಕೆಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ಮಾಘದಲ್ಲಿ ಆ ದಿನ ನೀನು ಎಮ್ಮಿಗನೂರಿನ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ನನಗಾಗಿ ಕಾದೆ. ಬರುತ್ತೇನೆ ಎಂದು ನಿನಗೆ ಗುಟ್ಟಾಗಿ ಮಾತು ಕೊಟ್ಟಿದ್ದೆ. ನಾನು ಹೊರಟಿದ್ದೆ ಚೇತನಾ. ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಅಷ್ಟರಲ್ಲಿ ಯಾರೋ ಅವನಿಗೆ ಫೋನ್ ಮಾಡಿ ಹೇಳಿದ್ದರು, ನಿನ್ನ ತಂಗಿ ಬೇರೆ ಜಾತಿಯವನ ಜೊತೆ ಸಹಿ ಹಾಕಲು ಕೂತಿದ್ದಾಳೆ ಎಂದು. ಅದೇ ವಾರ ಸಿಂಧನೂರಿನವರು ಅವನಿಗೆ ಹೆಣ್ಣು ಕೊಡುವುದಿಲ್ಲವೆಂದು ಮಾತು ಮುರಿದಿದ್ದರು, ನಿನ್ನ ಸುದ್ದಿ ಕೇಳಿಯೇ. ಗಾಡಿಯ ಕೀಲಿ ಹಿಡಿದು ಹೊರಟ. ಕೈಯಲ್ಲಿ ಹತ್ತಿ ಮೂಟೆಯ ಕೊಕ್ಕೆ. ನಾನು ಬಾಗಿಲಿಗೆ ಅಡ್ಡ ನಿಂತು ಚೌಕಟ್ಟಿನ ಎರಡೂ ಬದಿ ಹಿಡಿದುಕೊಂಡೆ. "ನನ್ನ ದಾಟಿ ಹೋಗು" ಎಂದೆ. ನೂಕಿದ. ಹೊರಗಿನ ಕಟ್ಟೆಯ ಕಲ್ಲಂಚಿಗೆ ಬೆನ್ನು ಬಡಿದು ಬಿದ್ದೆ. ಅಷ್ಟೇ. ಉಸಿರು ಬರಲಿಲ್ಲ. ಅವನು ಹೋಗಲಿಲ್ಲ, ಅಲ್ಲೇ ಕೂತುಬಿಟ್ಟ. ನಿನ್ನ ಸಹಿ ಆಯಿತು.

ಪಕೀರಮ್ಮ ಹಳೆಯ ಸೀರೆ ಹರಿದು ಪಕ್ಕೆ ಬಿಗಿದು ಕಟ್ಟಿದಳು. ಡಾಕ್ಟರ ಹತ್ತಿರ ಹೋದರೆ ಹೇಗಾಯಿತೆಂದು ಕೇಳುತ್ತಾರೆ, ಅದಕ್ಕೆ ಹೋಗಲಿಲ್ಲ. ಶಿವರಾತ್ರಿ ಕಳೆದರೂ ಗೋಡೆಗೆ ಒರಗಿ ಕೂತೇ ನಿದ್ದೆ. ನೀನು ಮದುವೆಯ ದಿನ ಸಂಜೆ ಫೋನ್ ಮಾಡಿ, "ಬರದಿದ್ದಕ್ಕ ಒಂದು ಕಾರಣ ಹೇಳು ಸಾಕು" ಎಂದೆಯಲ್ಲ, ಆಗ ನನಗೆ ಮಾತಾಡುವಷ್ಟು ಉಸಿರು ಇರಲಿಲ್ಲ. ಬೇಕೆಂದೇ ಸುಮ್ಮನಿದ್ದೇನೆ ಎಂದುಕೊಂಡು ನೀನು ಫೋನ್ ಇಟ್ಟೆ.

ಡಾಕ್ಟರ್ ಸುಷ್ಮಾ ಕೇಳುತ್ತಾ ಬರೆದುಕೊಂಡರು. ಮತ್ತೆ ಪರದೆ ತೆರೆದು ಬಹಳ ಹೊತ್ತು ನೋಡಿದರು. ಎರಡು ಚುಕ್ಕೆಯೂ ಒಂದರ ಕೆಳಗೆ ಒಂದು, ಒಂದೇ ಗೆರೆಯಲ್ಲಿವೆ, ಕಲ್ಲಂಚಿನ ಏಟಿಗೆ ಸರಿಹೊಂದುತ್ತದೆ, ಬಿರುಕು ಕೂಡಿಕೊಳ್ಳುತ್ತಿದೆ, ಉಳಿದ ಎಲುಬೆಲ್ಲ ಚೊಕ್ಕಟವಾಗಿದೆ ಎಂದರು. ಸರ್ಜನ್ ಜೊತೆ ಫೋನಿನಲ್ಲಿ ಮಾತಾಡಿದರು. ಸೋಮವಾರದ ಆಪರೇಷನ್ನು ಸೋಮವಾರವೇ. ಕೆಲವು ತಿಂಗಳ ನಂತರ ಆ ಎಲುಬನ್ನು ಇನ್ನೊಮ್ಮೆ ನೋಡೋಣ ಎಂದರು.

ಆಮೇಲೆ, ಮನೆಗೆ ಹೋಗಲು ನಿಮಗೆ ಭಯವಿದೆಯಾ, ಇದ್ದರೆ ಹೇಳಿ, ಏರ್ಪಾಡು ಮಾಡುತ್ತೇನೆ ಎಂದು ಕೇಳಿದರು. ಇಲ್ಲ ಎನ್ನಲು ಹೋದವಳು, ಕೋಸಗಿಯಲ್ಲಿರುವ ನನ್ನ ತಂಗಿ ಅಕ್ಕನಾಗಮ್ಮನ ಮನೆಗೆ ಹೋಗುತ್ತೇನೆ ಎಂದೆ.

ಹೊರಗೆ ಬಂದಾಗ ಅವನಿರಲಿಲ್ಲ, ಕಾರೂ ಇರಲಿಲ್ಲ. ಎಮ್ಮಿಗನೂರಿನವರೆಗೆ ಬಸ್ಸಿನಲ್ಲಿ ಬಂದೆ, ನಿನ್ನ ಲಾಲಪ್ಪ ಚಿಕ್ಕಪ್ಪ ಅಲ್ಲಿಗೆ ಬಂದು ನನ್ನನ್ನು ಕೋಸಗಿಗೆ ಕರೆತಂದರು. ಇಲ್ಲೇ ಇದ್ದೇನೆ. ಆದೋನಿಯಿಂದ ಇವತ್ತಿನವರೆಗೆ ಫೋನಿಲ್ಲ. ಇದು ನನಗೆ ಸಮಾಧಾನವೋ ಸಂಕಟವೋ ಕೇಳಬೇಡ.

ಆಪರೇಷನ್ನಿಗೆ ಮೊದಲು ಇನ್ನೊಮ್ಮೆ ಅದೇ ಥರದ ಔಷಧವನ್ನು ಸ್ವಲ್ಪವೇ ಎದೆಗೆ ಚುಚ್ಚುತ್ತಾರಂತೆ. ಗಂಟಿನಿಂದ ರೋಗ ಹೊರಟರೆ ಕಂಕುಳಿನ ಯಾವ ಗ್ರಂಥಿಗೆ ಮೊದಲು ಹೋಗುತ್ತದೋ, ಔಷಧವೂ ಅಲ್ಲಿಗೇ ಹೋಗಿ ಕೂರುತ್ತದಂತೆ. ಅದನ್ನು ಮಾತ್ರ ತೆಗೆದು ಪರೀಕ್ಷಿಸಿ, ಚೊಕ್ಕಟವಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ, ಕೈ ಊದುವ ತೊಂದರೆ ಕಡಿಮೆ ಎಂದರು. ಅದಕ್ಕೇ ಸೋಮವಾರ ನೀನು ಬರಬೇಡ. ಇದು ಔಷಧದ ಮಾತು, ನನ್ನ ಮಾತಲ್ಲ. ಬುಧವಾರ ಬಂದರೆ ಅಡ್ಡಿಯಿಲ್ಲ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಬರುವುದು ಬಿಡುವುದು ನಿನ್ನ ಮನಸ್ಸು.

ಅಳಿಯಂದಿರು ಸೂರಿಯವರನ್ನು ಕೇಳಿದೆನೆಂದು ಹೇಳು. ಪಶು ಆಸ್ಪತ್ರೆಯ ಕೆಲಸ ಎಂದರೆ ಹೊತ್ತು ಗೊತ್ತಿಲ್ಲದ ತಿರುಗಾಟ, ನೀನು ಅವರಿಗೆ ಕಾಯದೆ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮದುವೆಗೆಂದು ಸೀರೆ ಉಟ್ಟು ಹೊರಟಿದ್ದ,
ನಿನ್ನ ಅವ್ವ
ಗುರುಲಿಂಗಮ್ಮ

ತಾ.ಕ.: ಶನಿವಾರ ಬೆಳಿಗ್ಗೆ. ಕಾಗದ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಸಿದ್ದು ಬಂದ. ಅಂಗಳದಲ್ಲಿ ನಿಂತ. ಚೇತನಾಗೆ ಎಲ್ಲ ಬರೆದಿದ್ದೇನೆ, ಓದು ಎಂದು ಇದನ್ನೇ ಕೊಟ್ಟೆ. ಅವನಿಗೆ ಕನ್ನಡ ಓದಲು ತಡವಾಗುತ್ತದೆ, ನಿಂತೇ ಪೂರ್ತಿ ಓದಿದ. ಹರಿದುಹಾಕುತ್ತಾನೆ ಎಂದು ಕಾಯುತ್ತಿದ್ದೆ. "ಇದರಾಗ ಒಂದು ಬಿಟ್ಟೀಯವ್ವ" ಎಂದ. ಏನು ಎಂದೆ. "ನೀ ಬಿದ್ದ ಮ್ಯಾಲೆ ನಾ ಒದ್ದಿದ್ದು ಬರದಿಲ್ಲ. ಬರಿ" ಎಂದ. ಡಾಕ್ಟರಿಗೆ ಅದನ್ನು ನಾನು ಹೇಳಿರಲಿಲ್ಲ, ನಿನಗೂ ಹೇಳುವವಳಿರಲಿಲ್ಲ, ಪಕೀರಮ್ಮನಿಗೂ ಗೊತ್ತಿಲ್ಲ. ಇಲ್ಲಿಗೆ ಬರುವ ಮೊದಲೇ ಕರ್ನೂಲಿಗೆ ಹೋಗಿ ಡಾಕ್ಟರ್ ಸುಷ್ಮಾ ಎದುರು ತಾನೇ ಹೇಳಿ ಬಂದಿದ್ದಾನೆ. ಅವನು ಬರೆ ಎಂದದ್ದಕ್ಕೆ ಬರೆದಿದ್ದೇನೆ.

ಈ ಕಾಗದ ನಿನ್ನ ಕೈಗೆ ಕೊಟ್ಟವರು ಲಾಲಪ್ಪ ಚಿಕ್ಕಪ್ಪ. ಅವರನ್ನು ಕರೆತಂದ ಕಾರು ನಿಮ್ಮ ಓಣಿಯ ತಿರುವಿನಲ್ಲಿ ನಿಂತಿರುತ್ತದೆ. ಅವನು ಅದರಲ್ಲಿದ್ದಾನೆ. ನೀನು ಕರೆಯದೆ ಇಳಿಯುವುದಿಲ್ಲವೆಂದು ನನಗೆ ಮಾತು ಕೊಟ್ಟಿದ್ದಾನೆ. ಕರೆ ಎಂದು ನಾನು ಹೇಳುವುದಿಲ್ಲ. ನಾನೇ ಅವನನ್ನು ಇನ್ನೂ ಅಂಗಳದಿಂದ ಒಳಗೆ ಕರೆದಿಲ್ಲ.